ಬರೀ ಟ್ರೆಡ್‌ಮಿಲ್ ಪಕ್ಕ ನಿಲ್ಲುವ ಕೆಲಸ ಅಲ್ಲ

ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಅಮೆರಿಕಕ್ಕೆ ಬಂದಿದ್ದೀರಿ, ಕಾರ್ಡಿಯಾಕ್ ರಿಹ್ಯಾಬ್‌ನಲ್ಲಿ, ಅಂದ್ರೆ ಹೃದ್ರೋಗಿಗಳನ್ನು ಚೇತರಿಸುವ ವಿಭಾಗದಲ್ಲಿ, ವ್ಯಾಯಾಮ ಮಾಡಿಸುವ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಅಂದ್ರೆ ಸುಮ್ನೆ ಟ್ರೆಡ್‌ಮಿಲ್ ಪಕ್ಕ ನಿಲ್ಲುವುದಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಮಾಡುವುದು ಇದೇ ಕೆಲಸ.

ಬೈಪಾಸ್ ಅಥವಾ ಸ್ಟೆಂಟ್ ಆದವರು ವಾರಕ್ಕೆ 2-3 ಸಲ ಬರುತ್ತಾರೆ, ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಸಾಮಾನ್ಯವಾಗಿ 36 ಸೆಷನ್‌ವರೆಗೆ ಖರ್ಚು ಕೊಡುತ್ತದೆ. ಮೊದಲು 6 ನಿಮಿಷದ ನಡಿಗೆ ಪರೀಕ್ಷೆ. ಆಮೇಲೆ ಇಸಿಜಿ ಹಾಕಿ, ಬಿಪಿ ನೋಡಿ, ಎಷ್ಟು ವೇಗ, ಎಷ್ಟು ಏರು ಅಂತ ನಿರ್ಧರಿಸುತ್ತೇವೆ. ಬೀಟಾ ಬ್ಲಾಕರ್ ಅನ್ನುವ, ಹೃದಯಬಡಿತ ತಗ್ಗಿಸುವ ಮಾತ್ರೆ ತಗೊಳ್ಳುವವರ ನಾಡಿಬಡಿತ ಜಾಸ್ತಿ ಏರುವುದಿಲ್ಲ, ಗರಿಷ್ಠ ನಾಡಿಬಡಿತ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಲೆಕ್ಕ ಅವರಿಗೆ ಹೊಂದುವುದಿಲ್ಲ, ಹಾಗಾಗಿ ಶ್ರಮ ಎಷ್ಟು ಅನ್ನಿಸುತ್ತದೆ ಅಂತ ರೋಗಿಯೇ ಅಂಕ ಹೇಳುವ 6ರಿಂದ 20ರ ಬೋರ್ಗ್ ಅಳತೆ ಹಿಡಿದು "ಎಷ್ಟು ಕಷ್ಟ ಅನ್ನಿಸ್ತಿದೆ?" ಅಂತ ಆಗಾಗ ಕೇಳಿ 11-14ರ ಆಸುಪಾಸಿನಲ್ಲಿ ಇಡುತ್ತೇವೆ. ಈ ಕೇಳುವುದರಲ್ಲೇ ಅರ್ಧ ಕೆಲಸ ಇದೆ. ಎದೆ ಕೊಯ್ಸಿಕೊಂಡವರಿಗೆ ಮೆಟ್ಟಿಲು ಕಂಡರೂ ಭಯ, ಅಲ್ವಾ?

ಶ್ವಾಸಕೋಶದ ಕಡೆ ಭಯ ಇನ್ನೂ ಜಾಸ್ತಿ. ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು ಏದುಸಿರಿಗೆ ಹೆದರಿ ಕೂತೇಬಿಡುತ್ತಾರೆ, ಕೂತಷ್ಟೂ ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ನಾಲ್ಕು ಹೆಜ್ಜೆಗೇ ಏದುಸಿರು. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿ, ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಆಕ್ಸಿಮೀಟರ್ ಹಾಕಿ ನಡೆಸುತ್ತೇವೆ.

ಫಿಸಿಯೋಥೆರಪಿ ಲೈಸೆನ್ಸ್ ಇಲ್ಲಿ ಬೇರೆಯೇ ದಾರಿ. ಈ ಕೆಲಸಕ್ಕೆ ಎಸಿಎಸ್‌ಎಂನ (ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆ) ಕ್ಲಿನಿಕಲ್ ಸರ್ಟಿಫಿಕೇಟ್ ನೋಡಿ ಅನ್ನುತ್ತೇನೆ. ಅದಕ್ಕೆ ರೋಗಿಗಳ ಜೊತೆ ಕೆಲಸ ಮಾಡಿದ ನೂರಾರು ಗಂಟೆ ಬೇಕು. ಸಂಬಳ ನರ್ಸ್‌ಗಳಿಗಿಂತ ಕಡಿಮೆ, ಅದನ್ನೂ ತಿಳಿದೇ ಬನ್ನಿ. ಮೊದಲು ಹತ್ತಿರದ ಆಸ್ಪತ್ರೆಯ ರಿಹ್ಯಾಬ್‌ಗೆ ಫೋನ್ ಮಾಡಿ, ಒಂದೆರಡು ದಿನ ಜೊತೆಗಿದ್ದು ನೋಡಬಹುದಾ ಅಂತ ಕೇಳಿ.