ಸನ್ನದಿನ ತಾರೀಖು, ಪದವಿಯ ವರ್ಷ, ‘ಹಿರಿಯ ವಕೀಲ’ ಎಂಬ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾನೂನು ಕಾಲೇಜುಗಳ ಹಳೆ ವಿದ್ಯಾರ್ಥಿ ಸಂಘದವರಿಂದ ಬಂದಿವೆ. ಸ್ಮರಣ ಸಂಚಿಕೆಯಲ್ಲಿ ಯಾರು ಯಾವಾಗ ವಕೀಲರಾದರು, ಯಾರು ನ್ಯಾಯಪೀಠಕ್ಕೆ ಹೋದರು, ಯಾರು ತೀರಿಕೊಂಡರು ಎಂಬ ಪುಟಗಳನ್ನು ಬರೆಯುವವರ ಅನುಮಾನಗಳಿವು. ಓದುವವರೆಲ್ಲ ವಕೀಲರೇ ಆದ್ದರಿಂದ ಒಂದು ತಾರೀಖು ತಪ್ಪಿದರೂ ಮರುದಿನವೇ ತಕರಾರು ಬರುತ್ತದೆ.

ಪ್ರಶ್ನೆ: ‘ವೃತ್ತಿಗೆ ಬಂದ ವರ್ಷ’ ಎಂಬ ಕಾಲಂ ಇಟ್ಟಿದ್ದೇವೆ. ಕೆಲವರು ಪದವಿಯ ವರ್ಷ ಕೊಟ್ಟಿದ್ದಾರೆ, ಕೆಲವರು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ವರ್ಷ ಕೊಟ್ಟಿದ್ದಾರೆ. ಯಾವುದನ್ನು ಹಿಡಿಯಬೇಕು? (ಹಾವೇರಿಯ ಓದುಗರು)

ಉತ್ತರ: ಎರಡೂ ಬೇಡ. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾದ ದಿನವೇ ಸರಿ. ವಕೀಲರ ಕಾಯ್ದೆ 1961ರ 17ನೇ ಕಲಮಿನ ಪ್ರಕಾರ ವಕೀಲರ ಜ್ಯೇಷ್ಠತೆ ಲೆಕ್ಕವಾಗುವುದು ನೋಂದಣಿಯ ತಾರೀಖಿನಿಂದ. ಸನ್ನದಿನ (ಪರಿಷತ್ತು ಕೊಡುವ ನೋಂದಣಿ ಪತ್ರದ) ಮೇಲೆ ‘ಕೆಎಆರ್’ ಎಂದು ಶುರುವಾಗಿ ಕ್ರಮಸಂಖ್ಯೆ, ಕೊನೆಗೆ ವರ್ಷ ಇರುವ ಸಂಖ್ಯೆಯೊಂದು ಇರುತ್ತದೆ. ಎಲ್ಲರಿಂದ ಆ ಸಂಖ್ಯೆ ತರಿಸಿಕೊಂಡರೆ ಕಾಲಮ್ಮು ತಾನಾಗಿ ತುಂಬುತ್ತದೆ. ಬೇರೆ ರಾಜ್ಯದ ಪಟ್ಟಿಯಿಂದ ಇಲ್ಲಿಗೆ ವರ್ಗ ಮಾಡಿಸಿಕೊಂಡವರ ಜ್ಯೇಷ್ಠತೆ ಮೊದಲಿನದೇ ಆಗಿರುತ್ತದೆ. ಅವರ ಹೊಸ ಸಂಖ್ಯೆ ನೋಡಿ ಮೋಸಹೋಗಬೇಡಿ.

ಪರೀಕ್ಷೆಯ ಗೊಂದಲ ಬರುವುದು 2009–10ರಿಂದ ಈಚೆಗೆ ಪದವಿ ಪಡೆದವರಿಗೆ ಮಾತ್ರ. ಅವರು ಮೊದಲು ತಾತ್ಕಾಲಿಕವಾಗಿ ನೋಂದಣಿ ಮಾಡಿಸಿ, ಎರಡು ವರ್ಷದೊಳಗೆ 100 ಪ್ರಶ್ನೆಗಳ, ಮೂರೂವರೆ ಗಂಟೆಯ ಆ ಪರೀಕ್ಷೆ ಪಾಸಾಗಬೇಕು. ಆಮೇಲೆ ಸಿಗುವುದು ವೃತ್ತಿ ಪ್ರಮಾಣಪತ್ರ, ಅದು ಬೇರೆ ಕಾಗದ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದಾಗಲೂ ಆ ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬೇಕು ಎಂದಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 1990ರಲ್ಲಿ ಸನ್ನದು ಪಡೆದು, 1993ರಲ್ಲಿ ಬ್ಯಾಂಕಿನ ಕಾನೂನು ಅಧಿಕಾರಿಯಾಗಿ, ನಿವೃತ್ತಿಯ ನಂತರ ಮತ್ತೆ ಕೋಟು ಹಾಕಿದವರನ್ನು ‘35 ವರ್ಷಗಳಿಂದ ವಕೀಲರು’ ಎಂದು ಬರೆಯುವುದು. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ಪರಿಷತ್ತಿಗೆ ತಿಳಿಸಿ ವಕೀಲಿ ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಅಂಥವರಿಗೆ ‘ನೋಂದಣಿ 1990’ ಎಂದು ಬರೆದು ನೌಕರಿಯ ವರ್ಷಗಳನ್ನು ಪಕ್ಕದಲ್ಲಿ ಕೊಡಿ. ಅವರ ಗೌರವಕ್ಕೇನೂ ಕುಂದಾಗುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿಗೆ ಅರ್ಧ ಶತಮಾನ ತುಂಬಿದೆ. ಎಲ್ಲರ ಹೆಸರಿನ ಮುಂದೆ ಈಗಿನ ವಿಶ್ವವಿದ್ಯಾಲಯದ ಹೆಸರು ಹಾಕಿದ್ದೇವೆ. ಸರಿಯೇ? (ಮಂಗಳೂರಿನ ಓದುಗರು)

ಉತ್ತರ: ಸರಿಯಲ್ಲ. ಕಾಲೇಜಿನ ಕಟ್ಟಡ ಇದ್ದಲ್ಲೇ ಇರುತ್ತದೆ, ಪದವಿ ಕೊಡುವ ವಿಶ್ವವಿದ್ಯಾಲಯ ಮಾತ್ರ ಬದಲಾಗುತ್ತ ಬಂದಿದೆ. ನಿಮ್ಮೂರಿನ ಎಸ್‌ಡಿಎಂ ಕಾನೂನು ಕಾಲೇಜು ಶುರುವಾದದ್ದು 1974ರಲ್ಲಿ. ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ, ಅಂದರೆ ಮೊದಲ ತಂಡಗಳವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂದಮೇಲೆ ಸೇರಿದವರದು ಅದರದ್ದು. ಒಂದೇ ಕಾಲೇಜಿಗೆ ಮೂರು ಹೆಸರಾಯಿತು.

ಬೆಳಗಾವಿಯ ಕಡೆ ಇದು ಇನ್ನೂ ಹಳೆಯ ಕಥೆ. ರಾಜಾ ಲಖಮಗೌಡ ಕಾನೂನು ಕಾಲೇಜು 1939ರದ್ದು. ಆರಂಭದ ತಂಡಗಳಿಗೆ ಪದವಿ ಕೊಟ್ಟದ್ದು ಮುಂಬೈ ವಿಶ್ವವಿದ್ಯಾಲಯ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲಷ್ಟೇ ಧಾರವಾಡದ ಹೆಸರು ಬರುತ್ತದೆ. ಅದಕ್ಕೂ ಹಿಂದಿನ ತಲೆಮಾರು ಪುಣೆಗೆ ಹೋಗಿ ಕಾನೂನು ಓದುತ್ತಿತ್ತು. ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ ಇಬ್ಬರೂ ಅಲ್ಲಿಯ ಕಾನೂನು ಕಾಲೇಜಿನವರು. ಅವರ ಕಾಲದವರಿಗೆ ‘ಪುಣೆ ವಿಶ್ವವಿದ್ಯಾಲಯ’ ಎಂದು ಬರೆದರೆ ತಪ್ಪು, ಆ ವಿಶ್ವವಿದ್ಯಾಲಯ ಶುರುವಾದದ್ದೇ 1949ರಲ್ಲಿ.

ಪದವಿಯ ಹೆಸರನ್ನೂ ತಿದ್ದಬೇಡಿ. ಹಳೆ ಮೈಸೂರಿನ ಹಿರಿಯರ ಕಾಗದದಲ್ಲಿ ‘ಬಿ.ಎಲ್.’ ಎಂದಿರುತ್ತದೆ. ಅದು ಅಚ್ಚಿನ ದೋಷವಲ್ಲ, ಎಲ್‌ಎಲ್‌.ಬಿ.ಗೆ ಸಮನಾದ ಆ ಕಾಲದ ಪದವಿ. ಅದನ್ನು ‘ಎಲ್‌ಎಲ್‌.ಬಿ.’ ಮಾಡುವ ಉತ್ಸಾಹಿ ಪ್ರೂಫ್ ರೀಡರು ಪ್ರತಿ ಸಂಚಿಕೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಹೈಕೋರ್ಟಿಗೂ ಇದೇ ಎಚ್ಚರ ಬೇಕು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮೊದಲು ಅದು ಮೈಸೂರು ಹೈಕೋರ್ಟ್. 1956ರ ಏಕೀಕರಣಕ್ಕೆ ಮೊದಲು ಬೆಳಗಾವಿ, ಧಾರವಾಡದ ಮೇಲ್ಮನವಿಗಳು ಮುಂಬೈಗೆ, ಮಂಗಳೂರಿನವು ಮದರಾಸಿಗೆ, ಕಲಬುರಗಿಯವು ಹೈದರಾಬಾದಿಗೆ ಹೋಗುತ್ತಿದ್ದವು. ಧಾರವಾಡ, ಕಲಬುರಗಿಯಲ್ಲಿ ಸಂಚಾರಿ ಪೀಠ ಕೂತದ್ದು 2008ರಲ್ಲಿ, ಅವು ಕಾಯಂ ಆದದ್ದು 2013ರಲ್ಲಿ. 2010ರಲ್ಲಿ ವಾದಿಸಿದವರಿಗೆ ‘ಕಾಯಂ ಪೀಠದಲ್ಲಿ’ ಎಂದು ಬರೆಯುವಂತಿಲ್ಲ.

ಪ್ರಶ್ನೆ: ನಮ್ಮ ತಂಡದ ಒಬ್ಬರು ಹೈಕೋರ್ಟ್ ನ್ಯಾಯಮೂರ್ತಿಗಳು. ಪ್ರಮಾಣವಚನದ ತಾರೀಖು ಎರಡು ಸಿಕ್ಕಿವೆ. (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ನಿಜವೇ ಇರಬಹುದು. ಮೊದಲು ಹೆಚ್ಚುವರಿ ನ್ಯಾಯಮೂರ್ತಿ, ಆಮೇಲೆ ಕಾಯಂ. ಸಂವಿಧಾನದ 224ನೇ ವಿಧಿಯಲ್ಲಿ ಹೆಚ್ಚುವರಿ ನೇಮಕಕ್ಕೆ ಎರಡು ವರ್ಷದ ಮಿತಿಯಿದೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ದಾಖಲೆಯನ್ನೇ ಮಾದರಿಯಾಗಿ ನೋಡಿ: ವಕೀಲರಾಗಿ ನೋಂದಣಿ 1987ರ ಅಕ್ಟೋಬರ್ 28, ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ 2008ರ ಫೆಬ್ರುವರಿ 18, ಕಾಯಂ 2010ರ ಫೆಬ್ರುವರಿ 17, ಸುಪ್ರೀಂ ಕೋರ್ಟಿಗೆ 2021ರ ಆಗಸ್ಟ್ 31. ನಾಲ್ಕು ತಾರೀಖಿನಲ್ಲಿ ಇಡೀ ವೃತ್ತಿಜೀವನ ಬಂತು, ವಿಶೇಷಣದ ಹಂಗಿಲ್ಲ.

ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನವರಿಗೆ ‘ನ್ಯಾಯಮೂರ್ತಿ’, ಜಿಲ್ಲೆ ಮತ್ತು ತಾಲ್ಲೂಕಿನವರಿಗೆ ‘ನ್ಯಾಯಾಧೀಶ’. ಹಳಬರು ‘ಮುನ್ಸೀಫ್’ (ಕೆಳಹಂತದ ಸಿವಿಲ್ ನ್ಯಾಯಾಧೀಶರ ಹಳೆಯ ಹೆಸರು) ಆಗಿದ್ದರೆ ಹಾಗೆಯೇ ಬಿಡಿ. ನಿವೃತ್ತಿಯ ದಿನ ಹುಟ್ಟುಹಬ್ಬದ ಹಿಂದಿನ ದಿನವಾಗಿದ್ದರೆ ತಿದ್ದಲು ಹೋಗಬೇಡಿ. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ ಹುಟ್ಟಿದ್ದು 1924ರ ಡಿಸೆಂಬರ್ 18, ನಿವೃತ್ತರಾದದ್ದು 1989ರ ಡಿಸೆಂಬರ್ 17. 65 ವರ್ಷ ಪೂರ್ತಿಯಾಗುವುದು ಆ ದಿನಕ್ಕೇ.

ಪ್ರಶ್ನೆ: 40 ವರ್ಷ ವಕೀಲಿ ಮಾಡಿದವರನ್ನು ‘ಹಿರಿಯ ವಕೀಲರು’ ಎಂದರೆ ಆಕ್ಷೇಪ ಬಂತು. ಯಾಕೆ? (ತುಮಕೂರಿನ ಓದುಗರು)

ಉತ್ತರ: ಕನ್ನಡದಲ್ಲಿ ಈ ಮಾತು ಎರಡು ಕೆಲಸ ಮಾಡುತ್ತಿದೆ. ವಯಸ್ಸಿನಲ್ಲಿ, ಅನುಭವದಲ್ಲಿ ಹಿರಿಯರು ಎಂಬುದು ಒಂದು. ವಕೀಲರ ಕಾಯ್ದೆಯ 16ನೇ ಕಲಮಿನಡಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಸ್ಥಾನ ಇನ್ನೊಂದು. ಆ ಸ್ಥಾನ ಪಡೆದವರು ವಕಾಲತ್ತು (ಕಕ್ಷಿದಾರರು ತಮ್ಮ ಪರ ಕೇಸು ನಡೆಸಲು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ) ಹಾಕುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರಿಲ್ಲದೆ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಹಾಗಾಗಿ ಸ್ಥಾನವಿಲ್ಲದವರಿಗೆ ಆ ಮಾತು ಹಚ್ಚಿದರೆ ಸುಳ್ಳು ಹೇಳಿದಂತೆ ಕಾಣುತ್ತದೆ. ಸ್ಥಾನ ಸಿಕ್ಕಿದ್ದರೆ ‘ಹೈಕೋರ್ಟಿನಿಂದ ಹಿರಿಯ ವಕೀಲರೆಂದು ಪದಾಂಕಿತ’ ಎಂದು ಬರೆದು ವರ್ಷ ಕೊಡಿ. ಇಲ್ಲದಿದ್ದರೆ ‘40 ವರ್ಷಗಳ ಅನುಭವಿ’ ಅನ್ನಿ.

ಪ್ರಶ್ನೆ: ಫೋಟೊ, ಗೆದ್ದ ಕೇಸುಗಳ ವಿವರ ಹಾಕಿದರೆ ಜಾಹೀರಾತು ಎಂದು ದೂರು ಬರುವುದೇ? (ಮೈಸೂರಿನ ಓದುಗರು)

ಉತ್ತರ: ಬರಬಹುದು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನೇರವಾಗಿಯೋ ಬಳಸುದಾರಿಯಿಂದಲೋ ಕೆಲಸ ಕೇಳುವುದನ್ನು ನಿಷೇಧಿಸಿದೆ. ತಾನು ನಡೆಸಿದ ಕೇಸಿಗೆ ಸಂಬಂಧಿಸಿ ತನ್ನ ಫೋಟೊ ಪ್ರಕಟವಾಗುವಂತೆ ಮಾಡುವುದೂ ಅದರಲ್ಲಿ ಸೇರಿದೆ. ಸಂಚಿಕೆ ಹಳೆ ವಿದ್ಯಾರ್ಥಿಗಳ ನಡುವೆ ಹಂಚುವಂಥದ್ದು, ಫೋಟೊ ಬರೀ ಪರಿಚಯಕ್ಕೆ ಎಂದಾದರೆ ಚಿಂತೆ ಬೇಡ. ಕೇಸಿನ ಹೆಸರು, ಕಕ್ಷಿದಾರರ ಹೆಸರು, ‘ಭೂವ್ಯಾಜ್ಯಗಳಲ್ಲಿ ಅದ್ವಿತೀಯರು’ ಎಂಬಂಥ ಸಾಲು, ಕಚೇರಿಯ ಫೋನ್ ನಂಬರು ಇವನ್ನು ತೆಗೆಯಿರಿ. ಅದೇ ಪುಟದ ಕೆಳಗೆ ಅವರ ಕಚೇರಿಯ ‘ಶುಭಾಶಯ’ವೂ ಅಚ್ಚಾದರೆ ದೂರುದಾರನಿಗೆ ಕೆಲಸ ಸಲೀಸು.

ಪ್ರಶ್ನೆ: ನಿಧನರಾದ ಸಹಪಾಠಿಗಳ ಪುಟ ಹೇಗಿರಬೇಕು? ಒಬ್ಬರು ಮೊನ್ನೆಯಷ್ಟೇ ತೀರಿಕೊಂಡರು, ಅವರ ಫೈಲುಗಳು ಹಾಗೇ ಇವೆ. (ಚಿತ್ರದುರ್ಗದ ಓದುಗರು)

ಉತ್ತರ: ಪ್ರತಿಯೊಬ್ಬರಿಗೆ ಐವತ್ತು ಅರವತ್ತು ಪದ ಸಾಕು: ಹೆಸರು, ತಂಡ, ನೋಂದಣಿಯ ವರ್ಷ, ಕೆಲಸ ಮಾಡಿದ ಊರು, ತೀರಿಕೊಂಡ ದಿನ. ದಿನವನ್ನು ಶ್ರದ್ಧಾಂಜಲಿ ಸಭೆಯ ಸುದ್ದಿಯಿಂದ ಎತ್ತಬೇಡಿ. ಸಭೆ ಬೇರೆ ದಿನ ನಡೆದಿರುತ್ತದೆ, ಆ ತಾರೀಖೇ ಸಾವಿನ ದಿನವಾಗಿ ಅಚ್ಚಾದ ಉದಾಹರಣೆಗಳು ಬೇಕಾದಷ್ಟಿವೆ. ‘ಲಿಂಗೈಕ್ಯ’, ‘ವೈಕುಂಠವಾಸಿ’, ‘ಕೈಲಾಸವಾಸಿ’ ಒಂದೊಂದು ಸಂಪ್ರದಾಯದ ಮಾತುಗಳು. ಮನೆಯವರು ಹೇಳದೆ ಬಳಸಬೇಡಿ. ‘ನಿಧನರಾದರು’ ಎಲ್ಲರಿಗೂ ಹೊಂದುತ್ತದೆ. ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಮನೆಯವರಿಗೆ ಓದಿಸಿ.

ಫೈಲುಗಳ ವಿಷಯ ಪುಟಕ್ಕಿಂತ ಅವಸರದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ ವಕೀಲರು ತೀರಿಕೊಂಡರೆ ಅವರ ವಕಾಲತ್ತು ಅಲ್ಲಿಗೆ ಮುಗಿಯಿತು. ಅದರಲ್ಲಿ ಜೂನಿಯರ್ ಹೆಸರು, ಸಹಿ ಇದ್ದರೆ ಅವರು ಮುಂದುವರಿಯಬಹುದು. ಒಬ್ಬರದೇ ಇದ್ದರೆ ಕಕ್ಷಿದಾರರು ಹೊಸ ವಕಾಲತ್ತು ಹಾಕಲೇಬೇಕು. ಡೈರಿ ತೆಗೆದು ಬರುವ ಎರಡು ವಾರದ ದಿನಾಂಕಗಳನ್ನು ಮೊದಲು ಪಟ್ಟಿಮಾಡಿ, ಆ ಕಕ್ಷಿದಾರರಿಗೆ ಫೋನ್ ಮಾಡಿ, ಅವರ ದಾಖಲೆಗಳನ್ನು ಸಹಿ ಪಡೆದು ಕೊಡಿ. ಮೂಲ ಕ್ರಯಪತ್ರಗಳನ್ನು ಬೇರೆ ಇಡಿ, ಅವು ಕಳೆದರೆ ಮತ್ತೆ ಸಿಗುವುದಿಲ್ಲ.

ಅವರು 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ನಿಧಿಯ ಸದಸ್ಯರಾಗಿದ್ದರೇ ಎಂದು ವಿಚಾರಿಸಿ. ಸನ್ನದು ಇದ್ದಮಾತ್ರಕ್ಕೆ ಸದಸ್ಯತ್ವ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ. ಸದಸ್ಯರಾಗಿದ್ದರೆ ನಾಮನಿರ್ದೇಶಿತರು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬೇಕು. ಮದುವೆಗೆ ಮುಂಚೆ ತುಂಬಿದ ನಾಮನಿರ್ದೇಶನದಲ್ಲಿ ತಾಯಿಯ ಹೆಸರೇ ಉಳಿದು ಹೆಂಡತಿ ಮಕ್ಕಳು ಪರದಾಡುವುದುಂಟು. ಇದನ್ನು ಓದುತ್ತಿರುವ ವಕೀಲರು ತಮ್ಮ ನಮೂನೆಯಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿಕೊಳ್ಳಿ.