ಸಿಂಧನೂರಿನ ಹೊಸ ಚರ್ಚಿನ ಕಂಬಗಳು ಸಣಕಲಾಗಿ ಕಾಣುತ್ತಿರುವುದಕ್ಕೆ

ನಿಮ್ಮ ಚರ್ಚಿನ ಕಂಬಗಳು ಯಾಕೆ ಸಣಕಲಾಗಿ ಕಾಣುತ್ತವೆ ಎಂದು ಫೋಟೋ ಕಳಿಸಿ ಕೇಳಿದ್ದೀರಿ. ತೊಂದರೆ ಬಣ್ಣದ್ದಲ್ಲ, ದಪ್ಪ-ಎತ್ತರದ ಲೆಕ್ಕದ್ದು. ಚರ್ಚಿನ ಮುಂದೆ 12 ಅಡಿ ಎತ್ತರದ, 9 ಇಂಚಿನ ನಾಲ್ಕು ಚೌಕ ಕಂಬ ಎಂದಿದ್ದೀರಿ. ಅಂದರೆ ಎತ್ತರ ದಪ್ಪದ 16 ಪಟ್ಟು. ಹಳೆಯ ಗ್ರೀಕ್-ರೋಮನ್ ಶೈಲಿಯ ಕಂಬಗಳಿಗೆ ಇಟಲಿಯ ವಾಸ್ತುಶಿಲ್ಪಿ ವಿನ್ಯೋಲಾ 1562ರಲ್ಲಿ ಕೊಟ್ಟ ಲೆಕ್ಕದಲ್ಲಿ ದಪ್ಪನೆಯ ಟಸ್ಕನ್ ಕಂಬಕ್ಕೆ 7 ಪಟ್ಟು, ಡೋರಿಕ್‌ಗೆ 8, ತೆಳ್ಳಗಿನ ಕೊರಿಂಥಿಯನ್‌ಗೂ 10 ಅಷ್ಟೇ.

ನಿಮಗೆ ಡೋರಿಕ್ ಸರಿ. ಮೊದಲು ಗಾರೆ ಕೆಲಸ ನಿಲ್ಲಿಸಿ. ಈಗಿನ ಕಂಬದ ಸುತ್ತ ಇಟ್ಟಿಗೆ ಕಟ್ಟಿ, ಜಾಲರಿ ಸುತ್ತಿ, ಬುಡದಲ್ಲಿ 18 ಇಂಚಿನ ದುಂಡು ಕಂಬ ಮಾಡಿಸಿ. ಬುನಾದಿ ಈ ಭಾರ ತಡೆಯುತ್ತದೆಯೇ ಅಂತ ಫೋಟೋ ನೋಡಿ ಹೇಳಲಾರೆ. ಇಂಜಿನಿಯರ್ ಹತ್ತಿರ ಕೇಳದೆ ದಯವಿಟ್ಟು ಕೈ ಹಾಕಬೇಡಿ.

ಕಂಬ ಪೈಪಿನ ಹಾಗೆ ನೇರ ಇರಬಾರದು. ಕೆಳಗಿನ ಮೂರನೇ ಒಂದು ಭಾಗ ನೇರ ಇರಲಿ. ಅಲ್ಲಿಂದ ಸಣ್ಣ ಬಾಗಿನಲ್ಲಿ ಕಿರಿದಾಗುತ್ತಾ ಕುತ್ತಿಗೆಯಲ್ಲಿ, ಅಂದರೆ ಮೇಲ್ತುದಿಯಲ್ಲಿ, 15 ಇಂಚಿಗೆ ಬರಬೇಕು. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು, ಪ್ಲೈವುಡ್ಡಿನಲ್ಲಿ ಪೂರ್ತಿ ಅಳತೆಯ ಅಚ್ಚು ಕತ್ತರಿಸಿ ಮೇಸ್ತ್ರಿಗೆ ಕೊಡಿ.

ಆಮೇಲೆ ತೊಲೆ. ಜಾಸ್ತಿ ಜನ ಎಡವುವುದು ಇಲ್ಲೇ. ತೊಲೆಯ ಮುಖ ಕಂಬದ ಕುತ್ತಿಗೆಯ ಗೆರೆಗೆ ಸರಿಯಾಗಿ ನಿಲ್ಲಬೇಕು, ಬೋದಿಗೆ (ಕುತ್ತಿಗೆಯ ಮೇಲೆ ಕೂತು ತೊಲೆ ಹೊರುವ ಕಂಬದ ತಲೆ) ಮಾತ್ರ ಹೊರಗೆ ಚಾಚಬೇಕು. ಆದ್ದರಿಂದ 9 ಇಂಚಿನ ತೊಲೆಯನ್ನು ಎರಡೂ ಕಡೆ 3 ಇಂಚು ದಪ್ಪ ಮಾಡಿಸಿ. ತೊಲೆ, ಅದರ ಮೇಲಿನ ಪಟ್ಟಿ, ತುದಿಯಲ್ಲಿ ಹೊರಚಾಚುವ ಕಾರ್ನಿಸ್ ಎಲ್ಲಾ ಸೇರಿ ಎತ್ತರ ಕಂಬದ ಕಾಲು ಭಾಗ, ಅಂದರೆ 3 ಅಡಿ. ಬೋದಿಗೆಯ ಕೆಲಸ ಅರ್ಥವಾಗಲು ಮೇಸ್ತ್ರಿಯನ್ನು ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ಗುಡಿಗೆ ಕರೆದುಕೊಂಡು ಹೋಗಿ. 1112ರ ಆ ಗುಡಿಯ ಪದ್ಧತಿ ಪೂರ್ತಿ ಬೇರೆ, ಆದರೆ ಬೋದಿಗೆ ತೊಲೆಯನ್ನು ಹೇಗೆ ಹೊರುತ್ತದೆ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಕಾರ್ನಿಸ್ ಮೇಲೆ ಬರುವ ಮುಂಭಾಗದ ತ್ರಿಕೋನ 20 ಅಡಿ ಅಗಲಕ್ಕೆ 4ರಿಂದ 4.5 ಅಡಿ ಎತ್ತರ ಸಾಕು.