ಮೊದಲು ನೀರು, ಆಮೇಲೆ ಫೋಟೊ

ನಮಸ್ಕಾರ.

ಗಂಗಾವತಿಯಿಂದ ನೀವು ಕಳಿಸಿದ 'ತಂತ್ರಜ್ಞಾನ ಯುಗದಲ್ಲಿ ಪತ್ರಿಕಾ ಧರ್ಮ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಉತ್ತರಕ್ಕೆ ಕಾಯುವುದು ಎಂಥ ಕಷ್ಟ ಅಂತ ನನಗೂ ಗೊತ್ತು. ಆದರೆ ಆರು ಪುಟದ ಬರಹದಲ್ಲಿ, ಐದನೇ ಪುಟದ ಕೊನೆಗೆ ಒಂಬತ್ತು ಸಾಲು ಇವೆ. ಆ ಒಂಬತ್ತು ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಉಳಿದದ್ದನ್ನು ಮುಗಿಸೋಣ.

ಮೊದಲ ಮೂರು ಪುಟ ನೀವು ಬರೆದದ್ದು ಅಂತ ನನಗೆ ಅನ್ನಿಸಲಿಲ್ಲ. 'ಮಾಹಿತಿ ಪರಿಸರ ವ್ಯವಸ್ಥೆಯಲ್ಲಿ ನೈತಿಕ ಚೌಕಟ್ಟಿನ ಮಹತ್ವ' ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಮಾತಾಡುತ್ತಾರಾ? ಎಐ ಕೈಲಿ ಬರೆಸಿದ್ದರೆ ಹೇಳಿ, ನಾನು ಬಯ್ಯುವುದಿಲ್ಲ. ಕಾಗುಣಿತ ನೋಡಲು, ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕೆ ಇಳಿಸಲು ನಮ್ಮಲ್ಲೂ ಅದನ್ನು ಬಳಸುತ್ತಾರೆ. ಮುಚ್ಚಿಡಬಾರದು, ಅಷ್ಟೇ. ಮತ್ತೆ ಅದು ಕೊಟ್ಟ ಪ್ರತಿಯೊಂದು ಮಾತಿಗೂ ಜವಾಬು ಹೇಳಬೇಕಾದವರು ನೀವೇ.

ಎರಡನೇ ಪುಟದಲ್ಲಿ ಗಾಂಧೀಜಿ ಹೇಳಿದ್ದು ಅಂತ ಒಂದು ಮಾತು ಹಾಕಿದ್ದೀರಿ. ಅದರ ಕೆಳಗೆ ಒಬ್ಬ ಅಮೆರಿಕದ ಪ್ರೊಫೆಸರ್ ಬರೆದ ಪುಸ್ತಕ, ಅದರಿಂದ ತೆಗೆದ ಒಂದು ಅಂಕಿ. ಆ ಮಾತನ್ನು ಹುಡುಕಿದೆ, ಸಿಗಲಿಲ್ಲ. ಪುಸ್ತಕ ಹುಡುಕಿದೆ, ಅದೂ ಇಲ್ಲ, ಆ ಪ್ರೊಫೆಸರೂ ಇಲ್ಲ. ಒಂದು ಭಾನುವಾರದ ಮಧ್ಯಾಹ್ನ ಪೂರ್ತಿ ಹೋಯಿತು. ಇದು ನಿಮಗೊಬ್ಬರಿಗೇ ಆದದ್ದಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೊ ಸನ್-ಟೈಮ್ಸ್ ಪತ್ರಿಕೆ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಅಚ್ಚು ಹಾಕಿತ್ತು. ಅದರಲ್ಲಿ 10 ಪುಸ್ತಕ ಯಾರೂ ಬರೆದೇ ಇರಲಿಲ್ಲ. ಲೇಖಕರ ಹೆಸರು ನಿಜ, ಪುಸ್ತಕ ಮಾತ್ರ ಸುಳ್ಳು. ಪಟ್ಟಿ ಮಾಡಿದವರು ಎಐ ಕೊಟ್ಟದ್ದನ್ನು ತಾವು ಪರಿಶೀಲಿಸಲಿಲ್ಲ ಅಂತ ಒಪ್ಪಿಕೊಂಡರು. ಬೇರೆ ಸಂಸ್ಥೆಯಿಂದ ತಯಾರಾಗಿ ಬಂದ ಪುರವಣಿ ಅದು, ಪತ್ರಿಕೆಯಲ್ಲೂ ಯಾರೂ ನೋಡಲಿಲ್ಲ. ಇಷ್ಟು ಕೈ ದಾಟಿ ಬಂದರೂ ಯಾರೊಬ್ಬರೂ 'ಈ ಪುಸ್ತಕ ಎಲ್ಲಿದೆ ತೋರಿಸಿ' ಅನ್ನಲಿಲ್ಲ ಅನ್ನುವುದು ನನಗೆ ಎಐ ಸುಳ್ಳು ಹೇಳಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟ ವಿಷಯ.

ಇನ್ನು ನೀವು ಜೊತೆಗೆ ಕಳಿಸಿದ ಎರಡು ಚಿತ್ರದಲ್ಲಿ ಒಂದರ ವಿಷಯ. ವೈರಲ್ ವಿಡಿಯೊ ಮಾಡುವವರು ಎಷ್ಟು ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಅಂತ ತೋರಿಸಲು ಒಂದು ಹುಡುಗಿಯ ಸ್ಕ್ರೀನ್‌ಶಾಟ್ ಹಾಕಿದ್ದೀರಿ. ಮುಖ ಮಸುಕು ಮಾಡಿದ್ದೀರಿ, ಸರಿ. ಆದರೆ ಹಿಂದೆ ಮನೆ ಬಾಗಿಲು ಕಾಣುತ್ತದೆ, ಬಾಗಿಲ ಪಕ್ಕ ಅಂಗಡಿ ಬೋರ್ಡ್ ಓದಲು ಬರುತ್ತದೆ. ಆ ಊರಿನವರಿಗೆ ಮುಖ ಬೇಕಾ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರು, ಫೋಟೊ ಮಾತ್ರ ಹಾಕಬೇಡಿ ಅನ್ನುವುದಿಲ್ಲ. ವಿಳಾಸ, ಮನೆಯವರ ವಿವರ, ಶಾಲೆ, ಓಣಿ, ಮಗು ಯಾರು ಅಂತ ಗೊತ್ತಾಗುವ ಯಾವುದನ್ನೂ ಹಾಕಬೇಡಿ ಅನ್ನುತ್ತದೆ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾನೂನಿಗೆ ಹೆದರಿ ಅಂತ ಹೇಳುತ್ತಿಲ್ಲ. ಇನ್ನೂರು ಮನೆಯ ಊರಲ್ಲಿ 'ಅಂಗನವಾಡಿ ಪಕ್ಕದ ಮನೆಯ ಬಾಲಕಿ' ಅಂತ ಬರೆದರೆ ಹೆಸರು ಬರೆದ ಹಾಗೇ ಅಲ್ವಾ? ನಾನು ಆ ಚಿತ್ರ ಅಳಿಸಿದ್ದೇನೆ. ನೀವೂ ಅಳಿಸಿ, ಗ್ಯಾಲರಿಯಿಂದಲೂ.

ನಾಲ್ಕನೇ ಪುಟದಲ್ಲಿ ಕನ್ನಡ ಪತ್ರಿಕೋದ್ಯಮದ ಇತಿಹಾಸ ಇದೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಬಂತು ಅಂತ ಬರೆದು, ಮುಂದಿನ ಸಾಲಿನಲ್ಲೇ ಟಿವಿಯಲ್ಲಿ ಸುದ್ದಿ ಓದುವ ಎಐ ನಿರೂಪಕಿಗೆ ಹಾರಿದ್ದೀರಿ. ಕಲ್ಲಚ್ಚಿನಲ್ಲಿ ಶುರುವಾದ ಆ ಪತ್ರಿಕೆ ಮರುವರ್ಷ, 1844ರಲ್ಲಿ, ಎಲ್ಲಿಗೆ ಬಂತು ಗೊತ್ತಾ? ನಿಮ್ಮ ಪಕ್ಕದ ಬಳ್ಳಾರಿಗೆ. ಅಲ್ಲಿ 'ಕನ್ನಡ ಸಮಾಚಾರ' ಅನ್ನುವ ಹೆಸರಿನಲ್ಲಿ ಅಚ್ಚಾಯಿತು. ಗಂಗಾವತಿಯಲ್ಲಿ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು. ನಮ್ಮ ಭಾಗದಲ್ಲಿ ಕೂತು ಬರೆಯುವವರಿಗೆ ಇದು ಕಣ್ಣಿಗೆ ಬೀಳಬೇಕಿತ್ತು. ಬೇಸರ ಆಯಿತು, ಹೇಳಿದೆ.

ಈಗ ಆ ಒಂಬತ್ತು ಸಾಲು.

ಎಡದಂಡೆ ಕಾಲುವೆ ಪಕ್ಕ ಭತ್ತ ನಾಟಿಗೆ ಹೊರಟ ಹೆಣ್ಣುಮಕ್ಕಳ ಟ್ರ್ಯಾಕ್ಟರ್ ಮಗುಚಿದ ದಿನ ನೀವು ಅಲ್ಲಿದ್ದಿರಿ. ಮೊದಲು ಮುಟ್ಟಿದವರಲ್ಲಿ ನೀವೂ ಒಬ್ಬರು. ಫೋನ್ ತೆಗೆದು ಶೂಟ್ ಮಾಡಿದಿರಿ. ಕೆಸರಲ್ಲಿ ಕೂತಿದ್ದ ಒಬ್ಬ ಹೆಂಗಸು ತನ್ನ ತೊಡೆ ಮೇಲಿದ್ದವಳ ಮುಖಕ್ಕೆ ಸೆರಗು ಮುಚ್ಚಿ, 'ಮೊದ್ಲ ನೀರ್ ಕೊಡೋ ತಮ್ಮಾ, ಆಮ್ಯಾಲ ಫೋಟೋ ತಕ್ಕೊ' ಅಂದಳು. ನೀವು ಫೋನ್ ಜೇಬಿಗಿಟ್ಟು, ಬೈಕಿನಲ್ಲಿದ್ದ ಬಾಟಲಿ ತಂದಿರಿ. 'ಅಷ್ಟೊತ್ತಿಗೆ ವಿಡಿಯೊ ಗ್ರೂಪಿಗೆ ಹೋಗಿಯಾಗಿತ್ತು' ಅಂತ ಬರೆದಿದ್ದೀರಿ. ಅಲ್ಲಿಗೆ ಪ್ಯಾರಾ ಮುಗಿದು, 'ಹೀಗೆ ತಂತ್ರಜ್ಞಾನವು ಎರಡಲಗಿನ ಕತ್ತಿಯಾಗಿದೆ' ಅಂತ ಹೊಸ ಪ್ಯಾರಾ.

ಯಾಕೆ ಓಡಿಹೋದಿರಿ?

ಓದುವಾಗ ನನ್ನ ಎದೆ ಹೊಡೆದುಕೊಂಡಿದ್ದು ಆ ಸಾಲಿಗೇ. ಗ್ರೂಪಿಗೆ ಹೋದ ಮೇಲೆ ಏನಾಯಿತು? ಆ ಗ್ರೂಪಿನಲ್ಲಿ ಎಷ್ಟು ಜನ ಇದ್ದರು? ನೀವು ಅಳಿಸಿದಿರಾ, ಅಳಿಸುವ ಮುಂಚೆ ಎಲ್ಲೆಲ್ಲಿಗೆ ಹೋಗಿತ್ತು? ತೊಡೆ ಮೇಲಿದ್ದವಳು ಬದುಕಿದಳಾ? ಅವಳ ಮನೆಯವರಿಗೆ ಸುದ್ದಿ ಯಾರು ಹೇಳಿದರು? ಪೊಲೀಸರಾ, ಊರಿನವರಾ, ಇಲ್ಲ ನಿಮ್ಮ ವಿಡಿಯೊನಾ? ಗಂಡ ಬೆಂಗಳೂರಲ್ಲಿ ದುಡಿಯಲು ಹೋಗಿದ್ದು, ಕಟ್ಟಡದ ಮೇಲೆ ನಿಂತು ಫೋನ್ ತೆಗೆದಾಗ ಹೆಂಡತಿಯ ಸೀರೆ ಬಣ್ಣ ನೋಡಿ ಗುರುತು ಹಿಡಿದಿದ್ದರೆ? ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಬೇಕು. ಪತ್ರಿಕಾ ಧರ್ಮದ ಬಗ್ಗೆ ನೀವು ಬರೆಯಬೇಕಾದ ಲೇಖನ ಅದೇ. ಬೇರೆ ಯಾವುದೂ ಅಲ್ಲ.

ನನ್ನದೊಂದು ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಈ ಜಿಲ್ಲೆಯಲ್ಲೇ ಒಂದು ಪತ್ರಿಕೆಯಲ್ಲಿದ್ದೆ. ಕಳ್ಳತನದ ಕೇಸಿನಲ್ಲಿ ಒಬ್ಬನ ಬಂಧನ ಆಯಿತು, ಫೋಟೊ ಬೇಕಿತ್ತು. ಸ್ಟುಡಿಯೊದವರು ಅದೇ ಹೆಸರಿನ ಪಾಸ್‌ಪೋರ್ಟ್ ಸೈಜ್ ಫೋಟೊ ಕೊಟ್ಟರು. ಹಾಕಿಬಿಟ್ಟೆ. ಅದು ಬೇರೆಯವರದ್ದು, ಒಬ್ಬ ಟೇಲರ್. ಮೂರನೇ ದಿನ ಅವರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಬಂದರು. ಕೂಗಾಡಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. 'ಇದನ್ನ ಎಲ್ಲಾರ ಮನಿಂದ ವಾಪಸ್ ಇಸ್ಕೊಂಡ್ ಬರ್ತೀರೇನ್ರಿ?' ಅಂದರು. ಮರುದಿನ ಆರನೇ ಪುಟದಲ್ಲಿ ಒಂದಿಂಚು ಸ್ಪಷ್ಟನೆ ಹಾಕಿದೆವು. ಅವರ ಅಂಗಡಿಯ ಶಟರ್ ಎಷ್ಟೋ ದಿನ ಮುಚ್ಚೇ ಇತ್ತು. ನಾನು ಆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಓಡಾಡುತ್ತಿದ್ದೆ.

ಆ ಪೇಪರ್ ಒಂದು ವಾರಕ್ಕೆ ಮಿರ್ಚಿ ಭಜಿ ಕಟ್ಟಲು ಹೋಗಿರುತ್ತದೆ. ಇವತ್ತು ಅದೇ ತಪ್ಪು ಮಾಡಿದರೆ ಆ ಫೋಟೊ ಅವರ ಮಕ್ಕಳ ಮದುವೆ ಮಾತುಕತೆಯ ದಿನವೂ ಯಾರದ್ದೋ ಫೋನಿನಿಂದ ಎದ್ದು ಬರುತ್ತದೆ. ನಾವು ಅಳಿಸಿದರೂ ಸ್ಕ್ರೀನ್‌ಶಾಟ್ ಉಳಿದಿರುತ್ತದೆ.

ಆಗ ಇನ್ನೊಂದಿತ್ತು. ಶುರುವಿನ ವರ್ಷಗಳಲ್ಲಿ ನಾವು ಸುದ್ದಿ ಬರೆದು, ಕವರಿಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದೆವು. ಕವರ್ ಮುಟ್ಟಲು ಮೂರು ಗಂಟೆ. ಡೆಸ್ಕಿನಲ್ಲಿ ಒಬ್ಬರು ಓದುತ್ತಿದ್ದರು, ರಾತ್ರಿ ಎಸ್‌ಟಿಡಿ ಮಾಡಿ 'ಹೆಸರು ಸರಿ ಇದೆಯಾ, ಎಸ್ಪಿ ಹೇಳಿದ್ದಾ ನೀನೇ ಕೇಳಿದ್ದಾ' ಅಂತ ವಿಚಾರಿಸುತ್ತಿದ್ದರು. ನಾವು ಆಗ ಜಾಸ್ತಿ ಒಳ್ಳೆಯವರಾಗಿದ್ದೆವು ಅಂತಲ್ಲ, ಟೇಲರ್ ವಿಷಯ ಹೇಳಿದೆನಲ್ಲ. ಬಸ್ಸು ನಿಧಾನ ಇತ್ತು, ಆ ನಿಧಾನದಲ್ಲಿ ಅರ್ಧ ತಪ್ಪು ಸಿಕ್ಕಿಬೀಳುತ್ತಿತ್ತು. ಈಗ ಬಸ್ಸಿಲ್ಲ. ನೋಡಿದ್ದಕ್ಕೂ ಕಳಿಸಿದ್ದಕ್ಕೂ ನಡುವೆ ಒಂದು ಬೆರಳು ಅಷ್ಟೇ. ಆ ಮೂರು ಗಂಟೆಯನ್ನು ಯಂತ್ರ ಕೊಡುವುದಿಲ್ಲ, ನಾವೇ ಹಟ ಹಿಡಿದು ಇಟ್ಟುಕೊಳ್ಳಬೇಕು. ಮೂರು ಗಂಟೆ ಬೇಡ, ಮೂರು ನಿಮಿಷ ಆದರೂ.

ಮೂರು ನಿಮಿಷದಲ್ಲಿ ಏನು ಮಾಡಲು ಆಗುತ್ತದೆ ಅಂತ ಕೇಳುತ್ತೀರಿ. 2024ರ ಆಗಸ್ಟ್ 10ರ ರಾತ್ರಿ ನಿಮಗೂ ನೆನಪಿರುತ್ತದೆ. ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತು. ನನ್ನ ಫೋನಿಗೆ 'ಟಿಬಿ ಡ್ಯಾಂ ಒಡೀತು, ಎಲ್ಲರಿಗೂ ಕಳಿಸಿ' ಅಂತ ಒಂದು ವಿಡಿಯೊ ಬಂತು. ಮನೆ ಎತ್ತರದ ನೀರು, ಕಿರುಚಾಟ. ಎದ್ದು ಕೂತು ನೋಡಿದೆ. ನಮ್ಮ ಡ್ಯಾಮಿಗೆ 33 ಗೇಟು, ಇದರಲ್ಲಿ ಏಳೋ ಎಂಟೋ ಕಾಣುತ್ತವೆ, ಅಲ್ಲಿಗೆ ಗೋಡೆ ಮುಗಿಯುತ್ತದೆ. ಪಕ್ಕದಲ್ಲಿ ಗುಡ್ಡವೇ ಇಲ್ಲ. ದಂಡೆಯ ಮೇಲಿದ್ದ ಜೀಪಿನ ನಂಬರ್ ಪ್ಲೇಟ್ ದೊಡ್ಡದು ಮಾಡಿದೆ. ಕೊಪ್ಪಳದ ಕೆಎ 37 ಅಲ್ಲ, ಹೊಸಪೇಟೆಯ 35 ಅಲ್ಲ, ಬಳ್ಳಾರಿಯ 34, ರಾಯಚೂರಿನ 36 ಯಾವುದೂ ಅಲ್ಲ, ಕರ್ನಾಟಕದ್ದೇ ಅಲ್ಲ. ಡ್ಯಾಂ ಪಕ್ಕದ ಮುನಿರಾಬಾದಿನಲ್ಲಿ ಪರಿಚಯದವರಿಗೆ ಫೋನ್ ಮಾಡಿದೆ. 'ಗೇಟ್ ಹೋಗ್ಯದ್ರಿ, ಡ್ಯಾಂ ನಿಂತದ' ಅಂದರು. ಗೇಟ್ ಹೋಗುವುದೂ ಸಣ್ಣದಲ್ಲ. ಆದರೆ ಅದಕ್ಕೂ ಡ್ಯಾಂ ಒಡೆಯುವುದಕ್ಕೂ ಇರುವ ಅಂತರ ಎಷ್ಟು ಅಂತ ಡ್ಯಾಮಿನ ಕೆಳಗೆ ಹೊಳೆ ಪಕ್ಕದಲ್ಲಿರುವ ಕಂಪ್ಲಿ ಸೇತುವೆ ಹತ್ತಿರದವರನ್ನು, ವಿರುಪಾಪುರ ಗಡ್ಡೆಯವರನ್ನು ಕೇಳಿ. ಒಂದು ಸುದ್ದಿಗೆ ಎಚ್ಚರಿಕೆಯಿಂದ ಇರುತ್ತಾರೆ, ಇನ್ನೊಂದಕ್ಕೆ ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದರು. ಆ ವಿಡಿಯೊ ಮಾತ್ರ ಆಮೇಲೂ ಓಡಾಡುತ್ತಿತ್ತು.

ನಿಮ್ಮ ಕತ್ತಿಯ ಮಾತಿಗೆ ಬರುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಊರೂರಲ್ಲಿ ಹಬ್ಬಿಸಿದ ವಿಡಿಯೊ ನಿಮಗೆ ನೆನಪಿರಬಹುದು, ಆಗ ನೀವು ಹೈಸ್ಕೂಲ್ ಇರಬೇಕು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ. ಅದು ಪಾಕಿಸ್ತಾನದ ಕರಾಚಿಯಲ್ಲಿ ಜನರಿಗೆ ಎಚ್ಚರಿಕೆ ಹೇಳಲು ಮಾಡಿದ ಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು, ಮಗುವನ್ನು ವಾಪಸ್ ಬಿಟ್ಟು, ಒಂದು ಬರಹ ಹಿಡಿದು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಆ ವರ್ಷದ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಮಕ್ಕಳ ಕಳ್ಳರು ಅನ್ನುವ ಅನುಮಾನದ ಮೇಲೆ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಅನ್ನು ಜನ ಹೊಡೆದು ಕೊಂದರು. ಅವರ ಕಾರು ಮುಂದಿನ ಊರು ಮುಟ್ಟುವ ಮುಂಚೆ ಮೆಸೇಜ್ ಮುಟ್ಟಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಅಂತ ಮಿತಿ ಹಾಕುವುದಾಗಿ ಹೇಳಿತು. ಕಂಪನಿ ತನ್ನ ಕೈಲಾದ ಮಿತಿ ಹಾಕಿತು. ಕೊನೆಯ ಆ ತುಂಡು ಕತ್ತರಿಸಿದವರಿಗೆ, ಅದನ್ನು ನೋಡಿದ ತಕ್ಷಣ ಒತ್ತಿದವರಿಗೆ ಯಾರು ಮಿತಿ ಹಾಕುತ್ತಾರೆ? ಕತ್ತಿ, ಯುಗ, ಕ್ರಾಂತಿ ಅಂತ ಬರೆದರೆ ಈ ಪ್ರಶ್ನೆ ಕೇಳುವುದೇ ಬೇಡ ಅಂತಾಗಿಬಿಡುತ್ತದೆ. ಅದಕ್ಕೇ ಆ ಪದಗಳ ಮೇಲೆ ನನಗೆ ಸಿಟ್ಟು.

ಪ್ರೆಸ್ ಕೌನ್ಸಿಲ್ ಇಂಥವರಿಗೆ ಶಿಕ್ಷೆ ಕೊಡಬೇಕು ಅಂತಲೂ ಬರೆದಿದ್ದೀರಿ. 1978ರ ಕಾಯ್ದೆಯಲ್ಲಿ ಅದಕ್ಕೆ ಎಚ್ಚರಿಕೆ ಕೊಡುವ, ಖಂಡಿಸುವ ಅಧಿಕಾರ ಇದೆ, ದಂಡ ಹಾಕುವ ಅಧಿಕಾರ ಇಲ್ಲ. ಅದೂ ಅಚ್ಚಾಗುವ ಪತ್ರಿಕೆ, ಸುದ್ದಿಸಂಸ್ಥೆಗಳಿಗೆ ಮಾತ್ರ. ಯೂಟ್ಯೂಬ್ ಚಾನೆಲ್ ಅದರ ವ್ಯಾಪ್ತಿಗೇ ಬರುವುದಿಲ್ಲ. ಇದನ್ನು ತಿದ್ದಿಕೊಳ್ಳಿ.

ಮತ್ತೆ ಆ ಎಐ ನಿರೂಪಕಿ ವಿಷಯ. 2023ರ ಜುಲೈನಲ್ಲಿ ಕನ್ನಡದ ಒಂದು ವಾಹಿನಿ ಅಂಥವಳನ್ನು ತಂದದ್ದು ನಿಜ. ನಮ್ಮ ಕೆಲಸ ಹೋಗುತ್ತದೆ ಅನ್ನುವ ನಿಮ್ಮ ಭಯ ಸುಳ್ಳಲ್ಲ, ನನಗೂ ಇದೆ. ಆದರೆ ಕಾಲುವೆ ದಂಡೆಯಲ್ಲಿ ಆ ಹೆಂಗಸು 'ತಮ್ಮಾ' ಅಂತ ಕರೆದದ್ದು ನಿಮ್ಮನ್ನು. ಬೈಕಿನಲ್ಲಿ ನೀರಿನ ಬಾಟಲಿ ಇದ್ದದ್ದು ನಿಮ್ಮ ಹತ್ತಿರ.

ಈಗ ಕೆಲಸ ಹೇಳುತ್ತೇನೆ. ಮೊದಲ ನಾಲ್ಕು ಪುಟ ತೆಗೆದುಹಾಕಿ. ಆ ಹೆಣ್ಣುಮಕ್ಕಳ ಊರಿಗೆ ಹೋಗಿ. ಮೊದಲ ದಿನ ಫೋನ್ ಹೊರಗೆ ತೆಗೆಯಬೇಡಿ, ಸುಮ್ನೆ ಕೂತು ಬನ್ನಿ. ಆ ದಿನದ ವಿಡಿಯೊ ಮಾಡಿದವನು ನಾನೇ ಅಂತ ನೀವೇ ಹೇಳಿ, ಬೇರೆಯವರಿಂದ ಅವರಿಗೆ ಗೊತ್ತಾಗುವುದು ಬೇಡ. ಅವರು ಬಯ್ದರೆ ಬಯ್ಯಿಸಿಕೊಳ್ಳಿ. ಇದನ್ನು ಬರೆಯಲಾ ಅಂತ ಕೇಳಿ. ಬೇಡ ಅಂದರೆ ಬೇಡ, ನನಗೆ ಆ ಒಂದು ಸಾಲು ತಿಳಿಸಿದರೂ ಸಾಕು, ಬೇರೆ ವಿಷಯ ಹುಡುಕೋಣ. ಆಗಲಿ ಅಂದರೆ ಎಂಟುನೂರು ಪದದಲ್ಲಿ ಬರೆಯಿರಿ. ಹೆಸರು, ಊರು ಹಾಕಬೇಡಿ. ಬರೆದದ್ದನ್ನು ಕಳಿಸುವ ಮುಂಚೆ ಆ ಹೆಂಗಸಿಗೆ ಓದಿ ಹೇಳಿ.

ಏನಾದರೂ ಕೇಳುವುದಿದ್ದರೆ ಸಂಜೆ ನಾಲ್ಕರೊಳಗೆ ಫೋನ್ ಮಾಡಿ, ಆಮೇಲೆ ಪುಟ ಕಟ್ಟುವ ಗಡಿಬಿಡಿ ಇರುತ್ತದೆ. ಹೋಗುವಾಗ ಬಾಟಲಿ ತುಂಬಿಸಿಕೊಂಡು ಹೋಗಿ, ಬಿಸಿಲು ಜೋರಿದೆ.